ನಮ್ಮನ್ನು ತಿದ್ದುವವರು ಬೇಕು ಸರ್: ನಮ್ಮ ಕಾಲೇಜಿನ ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರಿಗೆ ಮತ್ತು ಪತ್ರಿಕೋದ್ಯಮ ವಿಭಾಗದ ಎಲ್ಲ ಗುರುಗಳಿಗೆ,

ನಮಸ್ಕಾರ ಸರ್.

ನಾನು ಶಿವಮೊಗ್ಗದಲ್ಲಿ, ತಮ್ಮ ಕಾಲೇಜಿನಲ್ಲೇ ಪತ್ರಿಕೋದ್ಯಮ ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿನಿ. ಊರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಇಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ಎಲ್ಲರೂ ಓದುವ ಹಾಗೆ ಹೀಗೆ ಪತ್ರ ಬರೆಯಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆಗಸ್ಟ್‌ನಲ್ಲಿ ನಾವು ಹದಿನಾಲ್ಕು ಜನ ಸಹಿ ಹಾಕಿ, ನಾವು ಮಾಡಿದ ಕೆಲಸವನ್ನು ನೋಡಿ ತಿದ್ದುವ ವ್ಯವಸ್ಥೆ ಬೇಕು ಅಂತ ಒಂದು ಮನವಿ ಕೊಟ್ಟೆವು. ದೀಪಾವಳಿ ಕಳೆದ ಮೇಲೆ ಇನ್ನೊಂದು ಕೊಟ್ಟೆವು. ಎರಡು ಸಲವೂ "ನೋಡೋಣಮ್ಮ" ಅಂದಿರಿ. ಬೈಯಲಿಲ್ಲ, ಕೂತು ಪೂರ್ತಿ ಕೇಳಿದಿರಿ, ಅದನ್ನು ನಾನು ಮರೆತಿಲ್ಲ. ಆದರೆ ಆಮೇಲೆ ಏನೂ ಆಗಲಿಲ್ಲ. ಮುಂದಿನ ಬ್ಯಾಚ್‌ನ ತಂಗಿ ತಮ್ಮಂದಿರು ಕೂಡ ಈಗ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಕಾಲೇಜಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೆಸರು ಹಾಳು ಮಾಡುವ ಉದ್ದೇಶ ಇಲ್ಲ. ಬೇರೆ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವ ನನ್ನ ಗೆಳತಿಯರೂ ಇದನ್ನೇ ಹೇಳುತ್ತಾರೆ, ಹಾಗಾಗಿ ಇದು ನಮ್ಮೊಬ್ಬರ ಮನೆಯ ಮಾತು ಅಂತ ನನಗೆ ಅನ್ನಿಸಿಲ್ಲ.

ಮೊದಲು ಕ್ಯಾಮೆರಾ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಇದು ಕ್ಯಾಮೆರಾಕ್ಕೆ ಜಗಳ ಅಂದುಕೊಂಡಿದ್ದಾರೆ.

ಮೊದಲ ವರ್ಷದಲ್ಲಿ ನಮಗೆ ಮೀಡಿಯಾ ಲ್ಯಾಬ್ ತೋರಿಸಿದರು. ಬೀರು ತೆರೆದು ಕ್ಯಾಮೆರಾ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ನಾವು ಸಾಲಾಗಿ ನಿಂತು ನೋಡಿದೆವು. ಮತ್ತೆ ಬ್ಯಾಗಿಗೆ ಹಾಕಿ ಬೀರುವಿಗೆ ಬೀಗ ಹಾಕಿದರು. ಎರಡನೇ ಸಲ ಅದನ್ನು ನೋಡಿದ್ದು ಮೂರನೇ ವರ್ಷದ ಶುರುವಿನಲ್ಲಿ, ಜೋರು ಮಳೆಗಾಲದಲ್ಲಿ. ಬ್ಯಾಗಿನ ಪಟ್ಟಿ ಹಸಿರು ಬಣ್ಣಕ್ಕೆ ತಿರುಗಿತ್ತು. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗಡೆ ಬಿಳಿ ಬಿಳಿ ಎಳೆಗಳು, ಜೇಡರ ಬಲೆ ಕಟ್ಟಿದ ಹಾಗೆ. ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲ, ಅದು ಇದ್ದದ್ದು ಒಳಗಿನ ಗಾಜಿನ ಮೇಲೆ. ಪೇಟೆಯ ಒಬ್ಬ ಸ್ಟುಡಿಯೋದವರ ಹತ್ತಿರ ತೆಗೆದುಕೊಂಡು ಹೋದಾಗ ಅವರು ಒಂದೇ ನೋಟಕ್ಕೆ "ಬೂಷ್ಟು ಹಿಡಿದಿದೆ, ಬಿಚ್ಚಿ ಕ್ಲೀನ್ ಮಾಡಬೇಕು, ಮೇಲಿನ ಕೋಟಿಂಗ್ ತಿಂದುಬಿಟ್ಟಿದ್ದರೆ ಪೂರ್ತಿ ಸರಿ ಆಗಲ್ಲ" ಅಂದರು. ಕತ್ತಲೆಯೂ ತೇವವೂ ಸೇರಿದ ಕಡೆ ಇದು ಬೆಳೆಯುತ್ತದಂತೆ. ಅವರು ಮಳೆಗಾಲ ಪೂರ್ತಿ ತಮ್ಮ ಲೆನ್ಸ್ ಇಡುವ ಕಪಾಟಿನೊಳಗೆ ಒಂದು ಸಣ್ಣ ಬಲ್ಬ್ ಉರಿಸುತ್ತಾರೆ, ಸಿಲಿಕಾ ಜೆಲ್ ಪೊಟ್ಟಣ ಇಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ದಿನಾ ಬಳಸುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಹಪ್ಪಳದ ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಇಡುವುದು ಇದೇ ಕಾರಣಕ್ಕೆ ಅಲ್ವಾ? ಮಲೆನಾಡಿನವರಿಗೆ ಇದು ಹೊಸದಲ್ಲ. ಹಾಳಾಗಬಾರದು ಅಂತ ಬೀಗ ಹಾಕಿ ಇಟ್ಟಿದ್ದೇ ಅದನ್ನು ಹಾಳು ಮಾಡಿತು.

ಆದರೆ ಸರ್, ಕ್ಯಾಮೆರಾ ಇಲ್ಲದಿದ್ದರೂ ನಾವು ಕಲಿಯಬಹುದು. ನಮ್ಮ ತರಗತಿಯ ಎಲ್ಲರ ಹತ್ತಿರ ಫೋನ್ ಇದೆ. ಇಲ್ಲದ್ದು ಬೇರೆ. ನಾವು ಮಾಡಿದ್ದನ್ನು ಕೂತು ನೋಡಿ, ಕೇಳಿ, "ಇದು ತಪ್ಪು, ಇಲ್ಲಿ ಸರಿ ಇದೆ, ಇದನ್ನು ಮತ್ತೆ ಮಾಡು" ಅನ್ನುವವರು ಇಲ್ಲ. ಅದು ಎಷ್ಟು ದೊಡ್ಡ ಕೊರತೆ ಅನ್ನುವುದು ನನಗೆ ಗೊತ್ತಾಗಿದ್ದು ನನ್ನದೇ ಒಂದು ತಪ್ಪಿನಿಂದ.

ಎರಡನೇ ವರ್ಷದಲ್ಲಿ ರೇಡಿಯೋ ಸುದ್ದಿ ಬರೆಯುವ ಅಸೈನ್‌ಮೆಂಟ್ ಇತ್ತು. ಮಳೆಗಾಲ, ಎಲ್ಲರ ಬಾಯಲ್ಲೂ ಅಣೆಕಟ್ಟೆಯ ಸುದ್ದಿ. ನಾನು ಬರೆದೆ: "ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ 1819 ಅಡಿ ನೀರು ತುಂಬಿದೆ." 20ಕ್ಕೆ 18 ಅಂಕ ಬಂತು. ಖುಷಿಯಾಗಿ ಅಮ್ಮನಿಗೂ ಹೇಳಿದೆ. ಆಮೇಲೆ ರಜೆಯಲ್ಲಿ ಒಂದು ಸ್ಥಳೀಯ ಪತ್ರಿಕೆಗೆ ಇಂಟರ್ನ್‌ಶಿಪ್‌ಗೆ ಹೋದಾಗ ಅಲ್ಲಿಯ ಡೆಸ್ಕ್‌ನಲ್ಲಿದ್ದ ಹಿರಿಯರೊಬ್ಬರು ನನ್ನ ಹಳೇ ಬರಹಗಳನ್ನೆಲ್ಲ ಓದಿಸಿಕೊಂಡರು. ಈ ಸಾಲಿಗೆ ಬಂದ ಕೂಡಲೇ ನಿಲ್ಲಿಸಿದರು.

"ಜೋಗ ಎಷ್ಟು ಎತ್ತರ?"

"830 ಅಡಿ ಸರ್."

"ಅದರ ಎರಡು ಪಟ್ಟಿಗಿಂತ ಜಾಸ್ತಿ ಆಳದ ನೀರನ್ನ ಯಾವ ಗೋಡೆ ತಡೀತದೆ, ಯೋಚನೆ ಮಾಡು."

ಆಗ ಗೊತ್ತಾಯಿತು, 1819 ಅಡಿ ಅನ್ನುವುದು ಸಮುದ್ರ ಮಟ್ಟದಿಂದ ಲೆಕ್ಕ ಹಿಡಿದ ಗರಿಷ್ಠ ಮಟ್ಟ. ನೀರಿನ ಆಳ ಅಲ್ಲ. 1964ರಲ್ಲಿ ಆ ಅಣೆಕಟ್ಟೆ ಎದ್ದಾಗ ಮುಳುಗಡೆಯಾಗಿ ಬಂದ ಕುಟುಂಬ ನಮ್ಮದು. ಅಜ್ಜಿ ಸಾಯುವ ತನಕ ಆ ನೀರಿನ ಮಾತೇ ಆಡುತ್ತಿದ್ದರು. ಅಂಥ ಮನೆಯ ಹುಡುಗಿ ನಾನು ಅದನ್ನು ತಪ್ಪು ಬರೆದೆ, 18 ಅಂಕ ತಗೊಂಡೆ, ಯಾರೂ ಹೇಳಲಿಲ್ಲ. ಅದು ನಿಜವಾದ ಸುದ್ದಿಯಾಗಿ ಹೋಗಿದ್ದರೆ?

ಡೆಸ್ಕಿನ ಆ ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ಅದೇ ಅಂಕಿಯನ್ನು ಹಿಡಿದು ಒಂದು ಗಂಟೆ ಪಾಠ ಮಾಡಿದರು. ಪತ್ರಿಕೆಗೆ ಬರೆಯುವಾಗ ಗರಿಷ್ಠ ಮಟ್ಟ, ಇವತ್ತಿನ ಮಟ್ಟ, ಹೋದ ವರ್ಷ ಇದೇ ದಿನ ಎಷ್ಟಿತ್ತು, ಒಳಹರಿವು ಎಷ್ಟು ಎಲ್ಲ ಕೊಡಬಹುದು, ಓದುವವನು ಬೇಕಾದರೆ ಹಿಂದೆ ಹೋಗಿ ಮತ್ತೆ ಓದುತ್ತಾನೆ. ರೇಡಿಯೋ ಕೇಳುವವನಿಗೆ ಹಿಂದೆ ಹೋಗಲಿಕ್ಕೆ ಆಗುವುದಿಲ್ಲ. ಅವನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೇಳುತ್ತಿರಬಹುದು. ಅವನಿಗೆ "ಅಣೆಕಟ್ಟೆ ತುಂಬಲು ಇನ್ನು ಇಷ್ಟು ಅಡಿ ಬಾಕಿ" ಅಂತ ಒಂದೇ ಅಂಕಿ ಹೇಳು. ವೆಬ್‌ಸೈಟಿಗಾದರೆ ದಿನದಿನದ ಮಟ್ಟವನ್ನು ಒಂದು ಸಣ್ಣ ಗೆರೆಚಿತ್ರ ಮಾಡು, ನೋಡಿದ ಕೂಡಲೇ ಏರಿದ್ದು ಇಳಿದದ್ದು ತಿಳಿಯುತ್ತದೆ. ವಿಡಿಯೋದಲ್ಲಿ ಅಂಕಿ ಬೇಡವೇ ಬೇಡ, ಹೋದ ವಾರ ಕಾಣುತ್ತಿದ್ದ ಬಂಡೆ ಈ ವಾರ ಕಾಣುತ್ತಿಲ್ಲ ಅಂತ ತೋರಿಸು. ಒಂದೇ ಸುದ್ದಿ, ನಾಲ್ಕು ಕೆಲಸ. ಎರಡು ವರ್ಷ ನಾನು "ಬಹುಮಾಧ್ಯಮ ಪತ್ರಿಕೋದ್ಯಮ ಎಂದರೇನು? ಅದರ ಲಕ್ಷಣಗಳನ್ನು ವಿವರಿಸಿ" ಅನ್ನುವ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದರ ಅರ್ಥ ಸಿಕ್ಕಿದ್ದು ಆ ಒಂದು ಗಂಟೆಯಲ್ಲಿ.

ಅದಾದ ಮೇಲೆ ನಾನೇ ಒಂದು ಕೆಲಸಕ್ಕೆ ಕೈ ಹಾಕಿದೆ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಡಿಕೆ ಕೊಯ್ಲು ನಡೆದಿತ್ತು. ನಮ್ಮೂರಿಗೆ ಅಡಿಕೆ ಸುಲಿಯುವ ಮಷಿನ್ ಬಂದಿತ್ತು. ಮೊದಲೆಲ್ಲ ರಾತ್ರಿ ಊಟ ಮುಗಿಸಿ ಹೆಂಗಸರು ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಸುಲಿಯುತ್ತಿದ್ದರು. ಕೆ.ಜಿ. ಲೆಕ್ಕದಲ್ಲಿ ಕೂಲಿ. ಈಗ ಅರ್ಧಕ್ಕರ್ಧ ಕೆಲಸ ಮಷಿನ್‌ಗೆ ಹೋಗಿದೆ. ತೋಟದವರನ್ನು ಕೇಳಿದರೆ ಸುಲಿಯುವವರು ಸಿಗುವುದಿಲ್ಲ, ಮರದಿಂದ ಅಡಿಕೆ ಗೊನೆ ಇಳಿಸಿದ ಮೇಲೆ ಕಾಯುತ್ತಾ ಕೂತರೆ ಅಡಿಕೆ ಕೆಡುತ್ತದೆ ಅನ್ನುತ್ತಾರೆ. ಸುಲಿಯುವವರನ್ನು ಕೇಳಿದರೆ ಕರೆಯುವವರೇ ಇಲ್ಲ ಅನ್ನುತ್ತಾರೆ. ಇಬ್ಬರ ಮಾತೂ ನಿಜ ಇರಬಹುದು. ಇದನ್ನು ವರದಿ ಮಾಡೋಣ, ಬರಹದಲ್ಲೂ ಆಡಿಯೋದಲ್ಲೂ ವಿಡಿಯೋದಲ್ಲೂ ಮಾಡೋಣ ಅಂದುಕೊಂಡೆ.

ಬರಹ ಸುಲಭ ಅಂದುಕೊಂಡಿದ್ದೆ. ಏಳು ಜನರನ್ನು ಮಾತಾಡಿಸಿ ಬರೆದೆ. ಅದು ಒಂದು ಮಟ್ಟಿಗೆ ಬಂತು. ಆಡಿಯೋ ಮಾಡಲು ಹೋದಾಗ ಗೊತ್ತಾಯಿತು, ನನಗೆ ಕೇಳಲಿಕ್ಕೇ ಬರುವುದಿಲ್ಲ ಅಂತ. ಮೊದಲ ರಾತ್ರಿ ಮಷಿನ್ ಪಕ್ಕದಲ್ಲೇ ನಿಂತು ಸಂದರ್ಶನ ಮಾಡಿದೆ. ಹಾಸ್ಟೆಲ್‌ಗೆ ಬಂದು ಇಯರ್‌ಫೋನ್ ಹಾಕಿ ಕೇಳಿದರೆ ಬರೀ ಗರ್ರ್ ಅನ್ನುವ ಸದ್ದು, ಮಾತು ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಮುಂದಿನ ಶನಿವಾರ ಮತ್ತೆ ಊರಿಗೆ ಹೋದೆ. ಈ ಸಲ ಮಾತನ್ನು ಒಳಗಿನ ಕೋಣೆಯಲ್ಲಿ, ಕಂಬಳಿ ನೇತುಹಾಕಿದ ಗೋಡೆಯ ಹತ್ತಿರ ರೆಕಾರ್ಡ್ ಮಾಡಿದೆ. ಮಷಿನ್ ಸದ್ದು ಬೇರೆ ತಗೊಂಡೆ. ಮೆಟ್ಟುಗತ್ತಿಯ ಸದ್ದು ಬೇರೆ ತಗೊಂಡೆ. ಆ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೆ ಆವತ್ತೇ ಮೊದಲು ಗಮನ ಕೊಟ್ಟು ಕೇಳಿದ್ದು. ಚಕ್ ಅಂತ ಕತ್ತಿಗೆ ಕಾಯಿ ಒತ್ತುತ್ತಾರೆ, ಟರ್ ಅಂತ ಸಿಪ್ಪೆ ಬಿಡುತ್ತದೆ, ಟಪ್ ಅಂತ ಬುಟ್ಟಿಗೆ ಬೀಳುತ್ತದೆ. ಆರು ಜನ ಕೂತರೆ ಆರು ತಾಳ, ನಡುವೆ ಮಾತು, ನಗು, ಯಾರದೋ ಮದುವೆ ಸುದ್ದಿ. ಮಷಿನ್ ಇದ್ದ ಕಡೆ ಮಾತೇ ಇಲ್ಲ, ಆಡಿದರೂ ಕೇಳುವುದಿಲ್ಲ. ನಾನು ಬರಹದಲ್ಲಿ ಮೂರು ಪ್ಯಾರಾ ಬರೆದು ಹೇಳಲು ಒದ್ದಾಡಿದ್ದನ್ನು ಈ ಎರಡು ಸದ್ದು ಅಕ್ಕಪಕ್ಕ ಇಟ್ಟರೆ ಹತ್ತು ಸೆಕೆಂಡಿನಲ್ಲಿ ಹೇಳುತ್ತಿತ್ತು. ಏನೂ ಮಾತಾಡದೆ ಆ ಜಾಗದ ಮೌನವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು, ಆಮೇಲೆ ಎಡಿಟ್ ಮಾಡುವಾಗ ಎರಡು ತುಂಡುಗಳ ನಡುವೆ ಅದು ಬೇಕಾಗುತ್ತದೆ ಅನ್ನುವುದನ್ನು ನಾನು ಯೂಟ್ಯೂಬ್ ನೋಡಿ ಕಲಿತೆ. ತರಗತಿಯಲ್ಲಿ ಕಲಿಯಬೇಕಾದ್ದು ಅದು.

ವಿಡಿಯೋ ಇನ್ನೂ ಕಷ್ಟ. ಮೊದಲ ಸಲ ಫೋನನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಹನ್ನೆರಡು ನಿಮಿಷ ತೆಗೆದೆ. ನೋಡಿದವರಿಗೆ ತಲೆ ಸುತ್ತುತ್ತದೆ. ಎರಡನೇ ಸಲ ಆ ಸ್ಟುಡಿಯೋದವರು ಹೇಳಿದ ಹಾಗೆ ಮಾಡಿದೆ: ಫೋನ್ ಅಲ್ಲಾಡಿಸಬೇಡ, ಒಂದೊಂದು ಶಾಟ್‌ಗೆ ಮನಸ್ಸಿನಲ್ಲೇ ಹತ್ತು ಎಣಿಸು, ಮೊದಲು ಇಡೀ ಅಂಗಳ, ಆಮೇಲೆ ಕೂತ ಸಾಲು, ಆಮೇಲೆ ಕೈ. ಕೈ ಹತ್ತಿರ ಹೋದಾಗಲೇ ನನಗೆ ಸುದ್ದಿ ಕಂಡದ್ದು. ಹಸಿ ಅಡಿಕೆಯ ಕಲೆ ಹಿಡಿದು ಬೆರಳ ತುದಿಗಳು ಕಪ್ಪಾಗಿದ್ದವು. ನಮ್ಮ ಪಕ್ಕದ ಮನೆ ಅಕ್ಕನ ಬಲಗೈ ಹೆಬ್ಬೆರಳಿಗೆ ಹಳೇ ಬಟ್ಟೆಯ ತುಂಡು ಸುತ್ತಿತ್ತು. "ಇನ್ನೇನು ಈ ಕಪ್ಪೂ ಹೋಗ್ತದೆ ಬಿಡು, ಕೆಲಸ ಇದ್ರಲ್ವಾ ಕಪ್ಪಾಗದು" ಅಂದಳು ಅಕ್ಕ. ನಾನು ಅದನ್ನು ಬರಹದಲ್ಲಿ ಬರೆದೇ ಇರಲಿಲ್ಲ, ಯಾಕೆಂದರೆ ಮೊದಲ ಸಲ ಹೋದಾಗ ನಾನು ಅವಳ ಕೈ ನೋಡಿರಲೇ ಇಲ್ಲ, ನೋಟ್‌ಬುಕ್ ನೋಡುತ್ತಿದ್ದೆ.

ಇಲ್ಲೇ ಇನ್ನೊಂದು ಮುಖ್ಯ ವಿಷಯ ಇದೆ ಸರ್, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಸುಲಿಯುವವರಲ್ಲಿ ಒಬ್ಬರು ಕೇಳಿದರು: "ಪುಟ್ಟಿ, ಇದನ್ನ ಯಾರಿಗೆ ತೋರಿಸ್ತೀಯ?" ಕಾಲೇಜಿಗೆ ಅಂದೆ. "ಮುಖ ಬರದು ಬೇಡ, ನಾಳೆ ಅವರ ತೋಟಕ್ಕೇ ಕೆಲಸಕ್ಕೆ ಹೋಗಬೇಕು" ಅಂದರು. ಬರಹದಲ್ಲಿ ನಾನು ಹೆಸರು ಬಿಡಬಹುದಿತ್ತು, ಮುಗಿಯಿತು. ಆಡಿಯೋದಲ್ಲಿ ಹೆಸರು ಬಿಟ್ಟರೂ ಇಡೀ ಊರಿಗೆ ಅವರ ಧ್ವನಿ ಗೊತ್ತು. ವಿಡಿಯೋದಲ್ಲಿ ಮುಖ ಬಿಟ್ಟು ಕೈ ತೋರಿಸಿದರೂ ಕೈಯ ಬಳೆ ನೋಡಿ ಯಾರು ಅಂತ ಹೇಳುತ್ತಾರೆ. ಒಂದು ಮಾಧ್ಯಮಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅನ್ನುವುದು ನನಗೆ ಅಲ್ಲಿ, ಆ ಜಗಲಿಯ ಮೇಲೆ ಗೊತ್ತಾಯಿತು. ಏನು ಮಾಡಬೇಕು ಅಂತ ಕೇಳಲು ಯಾರೂ ಇರಲಿಲ್ಲ. ಕೊನೆಗೆ ಅವರ ಮಾತನ್ನು ಆಡಿಯೋದಿಂದಲೂ ವಿಡಿಯೋದಿಂದಲೂ ತೆಗೆದೆ, ಬರಹದಲ್ಲಿ ಮಾತ್ರ ಹೆಸರಿಲ್ಲದೆ ಇಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಮಾಧ್ಯಮ ನೀತಿ ಅನ್ನುವ ಪೇಪರ್‌ನಲ್ಲಿ ನನಗೆ ಒಳ್ಳೆ ಅಂಕ ಬಂದಿದೆ.

ಇಷ್ಟೆಲ್ಲ ಮಾಡಿ ಬರಹದ ಹಾಳೆಗಳು, ಜೊತೆಗೆ ಆಡಿಯೋ, ವಿಡಿಯೋ ಇರುವ ಪೆನ್‌ಡ್ರೈವ್ ಕೊಟ್ಟೆ. ಪೆನ್‌ಡ್ರೈವ್ ಅವತ್ತೇ ವಾಪಸ್ ಬಂತು. "ಇದೆಲ್ಲ ಪೇಪರ್‌ನಲ್ಲಿ ಬರೆದು ಕೊಡಮ್ಮ, ಫೈಲ್‌ಗೆ ಹಾಕಬೇಕು" ಅಂದರು. ವಿಡಿಯೋವನ್ನು ಪೇಪರ್‌ನಲ್ಲಿ ಹೇಗೆ ಬರೆಯಲಿ ಸರ್? ಆದರೂ ಬರೆದೆ. ಯಾವ ಶಾಟ್ ಆದಮೇಲೆ ಯಾವ ಶಾಟ್ ಅಂತ ಆರು ಪುಟ ಬರೆದು, ಸ್ಪೈರಲ್ ಬೈಂಡ್ ಮಾಡಿಸಿ ಕೊಟ್ಟೆ. ಅದಕ್ಕೆ ಅಂಕ ಬಂತು. ಆಡಿಯೋವನ್ನು ಇವತ್ತಿನ ತನಕ ಕಾಲೇಜಿನಲ್ಲಿ ಯಾರೂ ಕೇಳಿಲ್ಲ.

ನನ್ನೊಬ್ಬಳದ್ದೇ ಕಥೆ ಅಲ್ಲ. ನನ್ನ ಸಹಪಾಠಿಯೊಬ್ಬ ತುಮರಿ ಕಡೆಯವನು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿಗೆ ಕಟ್ಟಿದ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ರಂದು. ಆವತ್ತು ಎಲ್ಲರ ಫೋನಿನಲ್ಲೂ ಸೇತುವೆಯ ಡ್ರೋನ್ ವಿಡಿಯೋನೇ. ಇವನು ಅದಕ್ಕೂ ಒಂದು ತಿಂಗಳು ಮೊದಲೇ, ಅಲ್ಲಿಯ ತನಕ ಜನರನ್ನು ಹಿನ್ನೀರು ದಾಟಿಸುತ್ತಿದ್ದ ಲಾಂಚ್‌ನಲ್ಲಿ ಮೂರು ಸಲ ಓಡಾಡಿ ಆ ಎಂಜಿನ್ ಸದ್ದು, ಜನರ ಮಾತು, ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಗತಿ ಅಂತ ಹೇಳುವ ಒಬ್ಬ ಅಜ್ಜಿಯ ದನಿ, ಎಲ್ಲ ಹಿಡಿದಿಟ್ಟಿದ್ದ. ಅಂಥದ್ದು ಇನ್ನು ಸಿಗುವುದಿಲ್ಲ ಅಲ್ವಾ? ಅದನ್ನು ಹೇಗೆ ಕತ್ತರಿಸಬೇಕು, ಎಲ್ಲಿಂದ ಶುರು ಮಾಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ. ಕೇಳಲು ಜಾಗವೂ ಇರಲಿಲ್ಲ. ಆಮೇಲೆ ಫೋನ್ ನೀರಿಗೆ ಬಿತ್ತು. ಕಾಲೇಜಿನ ಕಂಪ್ಯೂಟರ್‌ನಲ್ಲಿ ವಿದ್ಯಾರ್ಥಿಗಳ ಕೆಲಸಕ್ಕೆ ಅಂತ ಒಂದು ಫೋಲ್ಡರ್ ಇದ್ದಿದ್ದರೆ ಆ ಅಜ್ಜಿಯ ಮಾತು ಉಳಿಯುತ್ತಿತ್ತು.

ಪುಟ ವಿನ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮಗೆ ಕಲಿಸುವುದು ಪೇಜ್‌ಮೇಕರ್ ಅನ್ನುವ ಸಾಫ್ಟ್‌ವೇರ್, ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ನಾನು ಹುಟ್ಟುವ ಮೊದಲು. ಅದನ್ನು ಕಲಿಸಬೇಡಿ ಅನ್ನುವುದಿಲ್ಲ, ನಾನು ಇಂಟರ್ನ್‌ಶಿಪ್ ಮಾಡಿದ ಕಚೇರಿಯಲ್ಲೂ ಅದೇ ಇತ್ತು. ಆದರೆ ಅಲ್ಲಿ ಮೊದಲ ದಿನವೇ ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಪತ್ರಿಕೆಯ ಪುಟದಲ್ಲಿ ನುಡಿ ಫಾಂಟ್, ವೆಬ್‌ಸೈಟಿಗೆ ಯೂನಿಕೋಡ್, ಎರಡರಲ್ಲೂ ಕಂಪ್ಯೂಟರ್ ಅಕ್ಷರ ಕೂಡಿಸುವ ರೀತಿ ಬೇರೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ, ಊರಿನ ಹೆಸರು, ಜನರ ಹೆಸರು ಕೆಡುತ್ತದೆ. ಪ್ರತಿ ಸಾಲನ್ನೂ ಕಣ್ಣಿಟ್ಟು ನೋಡಬೇಕು. ಕನ್ನಡದಲ್ಲಿ ಪತ್ರಿಕೋದ್ಯಮ ಮಾಡುವವರಿಗೆ ಇದು ದಿನದ ಕೆಲಸ. ನಮ್ಮ ನೋಟ್ಸ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು ಮಾತು. ನಮ್ಮ ಕಡೆಯ ಜನರಿಗೆ ಸುದ್ದಿ ಹೇಗೆ ತಲುಪುತ್ತದೆ ಅಂತ ನಾವು ಯೋಚಿಸಬೇಕಲ್ವಾ? ಕೊರೋನಾ ಕಾಲದಲ್ಲಿ ಹೈಸ್ಕೂಲಿನಲ್ಲಿದ್ದ ನಾನು ಆನ್‌ಲೈನ್ ಕ್ಲಾಸಿಗೆ ಅಂತ ಗುಡ್ಡ ಹತ್ತಿ, ಮಳೆಯಲ್ಲಿ ಛತ್ರಿ ಹಿಡಿದು ಕೂತವಳು. ಇವತ್ತಿಗೂ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕಾದರೆ ಅಂಗಳದ ತುದಿಗೆ ಹೋಗಬೇಕು. ನಾನು ಮಾಡಿದ ಎರಡು ನಿಮಿಷದ ವಿಡಿಯೋ ಇನ್ನೂರು ಎಂಬಿ ದಾಟಿತ್ತು. ಅಮ್ಮನಿಗೆ ಕಳಿಸಿದರೆ ಸುಮ್ನೆ ಸುತ್ತುತ್ತಾ ನಿಂತಿತು. ಆಡಿಯೋದ ಅಷ್ಟೇ ಉದ್ದದ ಒಂದು ತುಂಡನ್ನು ಸಣ್ಣದು ಮಾಡಿ ಕಳಿಸಿದೆ, ಒಂದು ಎಂಬಿ ಕೂಡ ಇರಲಿಲ್ಲ. ಅರ್ಧ ಗಂಟೆಯಲ್ಲಿ ಅದು ಪಕ್ಕದ ನಾಲ್ಕು ಮನೆಗೆ ಹೋಗಿತ್ತು. ಯಾವ ಸುದ್ದಿಯನ್ನು ಯಾವ ರೂಪದಲ್ಲಿ ಮಾಡಬೇಕು ಅನ್ನುವುದಕ್ಕೆ ಇಂಥ ಕಾರಣಗಳೂ ಇರುತ್ತವೆ. ಇದನ್ನು ನಮಗಿಂತ ಚೆನ್ನಾಗಿ ಬೆಂಗಳೂರಿನ ಪುಸ್ತಕ ಹೇಳಲಾರದು, ಮಲೆನಾಡಿನ ಕಾಲೇಜೇ ಕಲಿಸಬೇಕು.

ಮಳೆಗಾಲ ಬಂದರೆ ಹಳೇ ವರ್ಷಗಳ ಜೋಗದ ವಿಡಿಯೋ, ನೆರೆಯ ವಿಡಿಯೋ "ಈಗ ಬಂದ ಸುದ್ದಿ" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಹೊಳೆ ಪಕ್ಕದ ಮನೆಯವರು ಗಾಬರಿಯಾಗಿ ನಮಗೆ ಫೋನ್ ಮಾಡುತ್ತಾರೆ, "ನೀನು ಪೇಪರ್ ಓದು ಓದ್ತಿದೀಯಲ್ಲ, ನಿಜನಾ ಹೇಳು" ಅಂತ. ಒಂದು ಚಿತ್ರ ಹಳೆಯದೋ ಹೊಸದೋ ಹುಡುಕುವುದು ಹೇಗೆ ಅಂತ ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟರೆ ಸಾಕು ಸರ್, ನಾವು ನಮ್ಮ ನಮ್ಮ ಊರಿಗೆ ಉಪಯೋಗಕ್ಕೆ ಬರುತ್ತೇವೆ.

ಪಠ್ಯದಲ್ಲಿ ಇರುವುದನ್ನು ಬಿಡಿ ಅಂತ ಕೂಡ ನಾನು ಹೇಳುತ್ತಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1843ರ ಜುಲೈ 1, ಹರ್ಮನ್ ಮೊಗ್ಲಿಂಗ್, ಇದನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಲ್ಲ. ಆದರೆ ಆ ಪತ್ರಿಕೆ ಕಲ್ಲಚ್ಚಿನಲ್ಲಿ ಶುರುವಾಗಿ, ವರ್ಷ ತುಂಬುವ ಮೊದಲೇ ಬಳ್ಳಾರಿಗೆ ಹೋಗಿ, ಅಲ್ಲಿ ಅಚ್ಚುಮೊಳೆಯಲ್ಲಿ ಬೇರೆ ಹೆಸರಿನಿಂದ ಬರತೊಡಗಿತು. ಮೊದಲ ಕನ್ನಡ ಪತ್ರಿಕೆಯೇ ತನ್ನ ಮಾತಿಗೆ ಸರಿಯಾದ ಸಾಧನ ಹುಡುಕುತ್ತಾ ಊರು ಬಿಟ್ಟು ಊರಿಗೆ ಹೋಗಿದೆ. ಆ ದಿನಾಂಕವನ್ನು ಬಾಯಿಪಾಠ ಮಾಡಿಸುವಾಗ ಈ ಮಾತನ್ನೂ ಹೇಳಿದರೆ ಇತಿಹಾಸದ ತರಗತಿಯೇ ನಮ್ಮ ಕೆಲಸದ ತರಗತಿ ಆಗುತ್ತದೆ.

ನಮ್ಮ ಗುರುಗಳ ಕಷ್ಟ ನನಗೆ ಗೊತ್ತಿದೆ, ಅದನ್ನು ಹೇಳದಿದ್ದರೆ ಅನ್ಯಾಯ ಆಗುತ್ತದೆ. ವಿಭಾಗದಲ್ಲಿ ಇರುವುದು ಇಬ್ಬರು, ಇಬ್ಬರೂ ಅತಿಥಿ ಉಪನ್ಯಾಸಕರು. ಒಬ್ಬರು ಬೆಳಿಗ್ಗೆ ನಮಗೆ ಪಾಠ ಮಾಡಿ ಮಧ್ಯಾಹ್ನ ಬೇರೆ ಕಾಲೇಜಿಗೆ ಬಸ್ ಹತ್ತುತ್ತಾರೆ. ಅವರಿಗೆ ಸಂಬಳ ಸಿಗುವುದು ಪಾಠ ಮಾಡಿದ ಗಂಟೆಗೆ, ನಮ್ಮ ಆಡಿಯೋ ಕೇಳಿ ತಿದ್ದಿದ ಗಂಟೆಗೆ ಅಲ್ಲ. ಪೆನ್‌ಡ್ರೈವ್ ವಾಪಸ್ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಪರಿಶೀಲನೆಗೆ ಬಂದವರು ಫೈಲ್ ಕೇಳುತ್ತಾರೆ, ಪೆನ್‌ಡ್ರೈವ್ ಕೇಳುವುದಿಲ್ಲ. ಅದನ್ನು ಬದಲಾಯಿಸುವ ಅಧಿಕಾರ ತಮ್ಮ ಹತ್ತಿರ ಇದೆ ಅನ್ನುವ ನಂಬಿಕೆಯಿಂದಲೇ ಈ ಪತ್ರ ತಮಗೆ ಬರೆಯುತ್ತಿದ್ದೇನೆ.

ನಾವು ಕೇಳುವುದು ದೊಡ್ಡದೇನಲ್ಲ. ನಮಗೆ ಹೊಸ ಸ್ಟುಡಿಯೋ ಬೇಡ. ರೇಡಿಯೋ ಕೇಂದ್ರ ಬೇಡ. ಶುಕ್ರವಾರ ಮಧ್ಯಾಹ್ನದ ಎರಡು ಗಂಟೆಯನ್ನು ತಿದ್ದುವ ತರಗತಿ ಅಂತ ವೇಳಾಪಟ್ಟಿಯಲ್ಲಿ ಹಾಕಿ, ಅದನ್ನು ನಮ್ಮ ಗುರುಗಳ ಪಾಠದ ಗಂಟೆ ಅಂತಲೇ ಲೆಕ್ಕ ಹಿಡಿಯಿರಿ. ಆವತ್ತು ನಾವು ಮಾಡಿದ್ದನ್ನು ಎಲ್ಲರ ಎದುರು ಹಾಕೋಣ, ಓದೋಣ, ಕೇಳೋಣ, ಬೈಸಿಕೊಳ್ಳೋಣ. ಸೆಮಿಸ್ಟರಿಗೆ ಒಂದೇ ಒಂದು ಸುದ್ದಿಯನ್ನು ಕನಿಷ್ಠ ಮೂರು ರೂಪದಲ್ಲಿ ಮಾಡಿಸಿ. ಮೊದಲ ಕರಡಿಗೆ ಅಂಕ ಬೇಡ, ತಿದ್ದಿ ಎರಡನೇ ಸಲ ಮಾಡಿದ್ದಕ್ಕೆ ಆಂತರಿಕ ಅಂಕ ಕೊಡಿ, ಆಡಿಯೋ ಆಡಿಯೋ ಆಗಿಯೇ, ವಿಡಿಯೋ ವಿಡಿಯೋ ಆಗಿಯೇ ಒಪ್ಪಿಕೊಳ್ಳಿ. ತಿಂಗಳಿಗೊಂದು ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ ನಿಂತುಹೋಗಿದೆ, ಅದು ಮತ್ತೆ ಬರಲಿ. ಅಚ್ಚಿಗೆ ದುಡ್ಡಿಲ್ಲದಿದ್ದರೆ ಎ4 ಹಾಳೆಯಲ್ಲಿ ಝೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ಯಾರಿಂದ ಯಾವ ರೂಪಕ್ಕೆ ಒಪ್ಪಿಗೆ ತಗೊಂಡೆವು ಅಂತ ಬರೆದಿಡಲು ಒಂದು ಪುಟದ ನಮೂನೆ ಬೇಕು. ಅದನ್ನು ಕನ್ನಡದಲ್ಲಿ, ಅಡಿಕೆ ಸುಲಿಯುವ ಅಕ್ಕನಿಗೂ ಓದಿ ಹೇಳಿದರೆ ಅರ್ಥವಾಗುವ ಹಾಗೆ ನಾವೇ ಬರೆಯುತ್ತೇವೆ, ಗುರುಗಳು ತಿದ್ದಿಕೊಟ್ಟರೆ ಸಾಕು.

ಭದ್ರಾವತಿ ಆಕಾಶವಾಣಿ 1965ರಿಂದ ನಮ್ಮ ಮಲೆನಾಡಿನ ಮನೆಮನೆಗೆ ಕೇಳಿಸುತ್ತಿದೆ. ಬಸ್ಸಿನಲ್ಲಿ ಹೋದರೆ ಮುಕ್ಕಾಲು ಗಂಟೆ. ಮೂರು ವರ್ಷದಲ್ಲಿ ನಾವು ಒಮ್ಮೆಯೂ ಹೋಗಿಲ್ಲ. ಒಂದು ಕಾಗದ ತಾವು ಬರೆದು ಅನುಮತಿ ಕೇಳಿದರೆ ಬಸ್ ಚಾರ್ಜು ನಾವೇ ಹಾಕಿಕೊಂಡು ಹೋಗಿಬರುತ್ತೇವೆ. ಹಾಗೆಯೇ ನಮ್ಮ ಪೇಟೆಯಲ್ಲಿ ಮೂವತ್ತು ನಲವತ್ತು ವರ್ಷ ಪತ್ರಿಕೆಯಲ್ಲಿ ದುಡಿದು ಮನೆಯಲ್ಲಿ ಕೂತ ಹಿರಿಯರಿದ್ದಾರೆ. ನನ್ನ 1819 ಅಡಿಯ ತಪ್ಪು ಹಿಡಿದವರ ಹಾಗೆ ತಿದ್ದಬಲ್ಲವರು. ಕರೆದರೆ ಅವರು ದುಡ್ಡಿಗಾಗಿ ಬರುವವರಲ್ಲ. ಕರೆಯಬೇಕು ಅಷ್ಟೆ.

ಕ್ಯಾಮೆರಾ ವಿಷಯಕ್ಕೆ ವಾಪಸ್ ಬಂದರೆ, ಸ್ಟುಡಿಯೋದವರು ಲೆನ್ಸ್ ಬಿಚ್ಚಿ ನೋಡಲು ಒಪ್ಪಿದ್ದಾರೆ. ಕಾಲೇಜಿನಿಂದ ಒಂದು ಪತ್ರ ಬೇಕಂತೆ, ಹಾಗೇ ಮುಟ್ಟುವುದಿಲ್ಲ ಅಂದರು. ಆ ಬೀರುವಿನ ಒಳಗೆ ಬಲ್ಬ್ ಹಾಕಲು ನಮ್ಮಲ್ಲೇ ಒಬ್ಬ ವೈರಿಂಗ್ ಗೊತ್ತಿರುವವನಿದ್ದಾನೆ. ಬೀಗದ ಕೀಲಿಯನ್ನು ವಾರಕ್ಕೆ ಒಬ್ಬರಂತೆ ರಿಜಿಸ್ಟರಿನಲ್ಲಿ ಸಹಿ ಹಾಕಿ ತಗೊಳ್ಳುತ್ತೇವೆ, ಏನಾದರೂ ಹೆಚ್ಚುಕಡಿಮೆ ಆದರೆ ಹದಿನಾಲ್ಕು ಜನರೂ ಜವಾಬ್ದಾರಿ. ಮುಂದಿನ ಜೂನ್ ಬರುವಷ್ಟರಲ್ಲಿ ಇದು ಆಗಬೇಕು, ಮಳೆ ಶುರುವಾದ ಮೇಲೆ ಮಾಡಿ ಪ್ರಯೋಜನ ಇಲ್ಲ.

ನಾನು ಮೇ ತಿಂಗಳಿಗೆ ಕಾಲೇಜು ಮುಗಿಸುತ್ತೇನೆ. ಇದರಲ್ಲಿ ಹೆಚ್ಚಿನದು ನನಗೆ ಸಿಗುವುದಿಲ್ಲ ಅಂತ ಗೊತ್ತಿದೆ. ಎರಡನೇ ವರ್ಷದಲ್ಲಿ ಈಗ ಹನ್ನೊಂದು ಜನ ಇದ್ದಾರೆ. ಅದರಲ್ಲಿ ಒಬ್ಬಳು ಮೊನ್ನೆ ನನ್ನ ಹತ್ತಿರ ಬಂದು ತಾನು ಬರೆದ ಸುದ್ದಿಯನ್ನು ತೋರಿಸಿ "ಅಕ್ಕ, ಇದು ಸರಿ ಇದೆಯಾ?" ಅಂತ ಕೇಳಿದಳು. ನನಗೆ ಗೊತ್ತಿದ್ದಷ್ಟು ತಿದ್ದಿಕೊಟ್ಟೆ. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರುವವರು ಸಿಗಬೇಕು.

ತಾವು ಒಂದು ದಿನ ಗೊತ್ತು ಮಾಡಿ ಕರೆದರೆ ನಾವೆಲ್ಲ ಬರುತ್ತೇವೆ. ಆ ಪೆನ್‌ಡ್ರೈವ್ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಆಡಿಯೋ ಏಳು ನಿಮಿಷ ಇದೆ ಸರ್. ತಮ್ಮ ಕೋಣೆಯ ಕಂಪ್ಯೂಟರ್‌ನಲ್ಲೇ ಕೇಳಬಹುದು.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಅಂತಿಮ ವರ್ಷ, ಪತ್ರಿಕೋದ್ಯಮ ವಿಭಾಗ
ಶಿವಮೊಗ್ಗ